ಅಕ್ಷತೆಗೆ ಕಾಗದ ಕೇಳಿದ ಕಾಲ

ಮದರಾಸಿಗೆ ಆಗ ಬಂದರು ಇರಲಿಲ್ಲ. ಹಡಗುಗಳು ಅಲೆ ಒಡೆಯುವ ಸಾಲಿನ ಆಚೆ ಲಂಗರು ಹಾಕಿ ನಿಲ್ಲುತ್ತಿದ್ದವು. ಹಲಗೆಗಳನ್ನು ತೆಂಗಿನ ನಾರಿನ ಹಗ್ಗದಿಂದ ಹೊಲಿದು ಕಟ್ಟಿದ ಮಸೂಲಾ ದೋಣಿಗಳಲ್ಲಿ ಕುಳಿತು, ನೊರೆಯಲ್ಲಿ ತೊಯ್ದು, ಜನ ಹಡಗು ಸೇರಬೇಕಿತ್ತು. 1860ರ ಅಕ್ಟೋಬರಿನಲ್ಲಿ ಟ್ರೂರೋ ಎಂಬ ಹಡಗನ್ನು ಹೀಗೆ ಏರಿದವರು ಸುಮಾರು 340 ಮಂದಿ. ನವೆಂಬರ್ 16ರಂದು ಅವರು ಆಫ್ರಿಕದ ನಟಾಲ್ ಸೀಮೆಯ ಡರ್ಬನ್ನಿನಲ್ಲಿ ಇಳಿದರು. ಅಂದು ಶುರುವಾದ ಸಾಗಾಟ 1911ರ ಜುಲೈನಲ್ಲಿ ನಿಂತಿತು. ಅಷ್ಟರಲ್ಲಿ ಒಂದೂವರೆ ಲಕ್ಷಕ್ಕೂ ಮಿಕ್ಕಿದ ಜನ ಐದು ವರ್ಷದ ಕರಾರಿಗೆ ಹೆಬ್ಬೆಟ್ಟು ಒತ್ತಿ ಆ ಕಬ್ಬಿನ ತೋಟಗಳಿಗೂ ಕಲ್ಲಿದ್ದಲ ಗಣಿಗಳಿಗೂ ಹೋಗಿದ್ದರು. ಅವರಲ್ಲಿ ಮೂರರಲ್ಲಿ ಎರಡು ಪಾಲು ಮದರಾಸಿನ ಕಡಲತೀರದಿಂದಲೇ ಹೊರಟವರು. ಆರ್ಕಾಟು, ಚೆಂಗಲ್ಪಟ್ಟು, ತಂಜಾವೂರು, ವಿಶಾಖಪಟ್ಟಣದವರ ನಡುವೆ ಮೈಸೂರು, ಬೆಂಗಳೂರು ಸೀಮೆಯವರೂ ಇದ್ದರು. ಅಗ್ರಿಮೆಂಟ್ ಎಂಬ ಮಾತು ಅವರ ಬಾಯಲ್ಲಿ ಗಿರ್ಮಿಟ್ ಆಯಿತು, ಅವರು ಗಿರ್ಮಿಟಿಯರಾದರು.

ಆ ಜನರ ಮದುವೆಗಳಿಗೆ ಏನಾಯಿತು ಎಂಬುದನ್ನು ಹೇಳಬೇಕೆಂದು ಈ ಬರಹ. ಚರಿತ್ರೆಯ ಪುಸ್ತಕಗಳಲ್ಲಿ ತಲೆಗಂದಾಯಕ್ಕೆ, ಸತ್ಯಾಗ್ರಹಕ್ಕೆ ಅಧ್ಯಾಯಗಳಿವೆ. ಹೆಂಡತಿ ಎಂಬ ಒಂದು ಪದದ ಸಲುವಾಗಿ ಹೆಂಗಸರು ಜೈಲಿಗೆ ನಡೆದದ್ದು ಹೆಚ್ಚಿನ ಕಡೆ ಒಂದು ಸಾಲಿನಲ್ಲಿ ಮುಗಿದುಹೋಗುತ್ತದೆ.

ನಮ್ಮ ಕಡೆ ಮದುವೆಗೆ ದಾಖಲೆ ಎಂದರೆ ಜನ. ಹಂದರದ ಕೆಳಗೆ ಕೂತವರು, ಧಾರೆಯ ನೀರು ಬಿದ್ದದ್ದನ್ನು ಕಂಡವರು, ಅಕ್ಷತೆ ಹಾಕಿದವರು, ಊಟದ ಎಲೆ ಎತ್ತಿದವರು ಎಲ್ಲರೂ ಸಾಕ್ಷಿಗಳು. ನಿಕಾಹ್ ಆದರೆ ಖಾಜಿಯೂ ಜಮಾತಿನ ಹಿರಿಯರೂ. ಈ ಸಾಕ್ಷಿಗಳು ಒಂದೇ ಊರಿನಲ್ಲಿ ಬದುಕಿರುವ ತನಕ ಕಾಗದದ ಅಗತ್ಯವೇ ಬೀಳದು. ಆದರೆ ಗಂಡ ಹೆಂಡತಿ ಸಮುದ್ರ ದಾಟಿದರೆ ಸಾಕ್ಷಿಗಳು ದಡದಲ್ಲೇ ಉಳಿಯುತ್ತಾರೆ. ಆಚೆಯ ದಡದಲ್ಲಿ ಮೇಜಿನ ಹಿಂದೆ ಕೂತ ಅಧಿಕಾರಿಗೆ ತಾಳಿ ಕಾಣುತ್ತದೆ, ಕಟ್ಟಿದ್ದು ಕಂಡಿರುವುದಿಲ್ಲ.

ಮೊದಲ ಐವತ್ತು ವರ್ಷ ಇದು ದೊಡ್ಡ ಪ್ರಶ್ನೆಯಾಗಲಿಲ್ಲ. ಕೂಲಿಗೆ ಆಳು ಬೇಕಾದವರಿಗೆ ಆಳಿನ ಹೆಂಡತಿಯೂ ಬೇಕಾಗಿದ್ದಳು. ನೂರು ಗಂಡಸರಿಗೆ ನಲವತ್ತು ಹೆಂಗಸರಾದರೂ ಹಡಗಿನಲ್ಲಿರಬೇಕು ಎಂಬ ನಿಯಮವಿತ್ತು. ಈ ಲೆಕ್ಕ ತುಂಬಿಸಲು ಡಿಪೋಗಳಲ್ಲಿ ಏಜೆಂಟರು ಪಡುತ್ತಿದ್ದ ಪಾಡು ಬೇರೆಯೇ ಕಥೆ. ಗಂಡ ಸತ್ತವಳು, ಗಂಡ ಬಿಟ್ಟವಳು, ಬರಗಾಲಕ್ಕೆ ಊರು ಬಿಟ್ಟವಳು, ಜಾತಿ ತಪ್ಪಿ ಪ್ರೀತಿಸಿದವಳು ಡಿಪೋದ ಅಂಗಳ ಸೇರುತ್ತಿದ್ದರು. ಅಲ್ಲಿ ಕೂಡಿದ ಜೋಡಿಗಳೂ ಇದ್ದವು. ನಟಾಲಿನಲ್ಲಿ ಇಳಿದಾಗ ವಲಸಿಗರ ರಕ್ಷಣಾಧಿಕಾರಿಯ ರಿಜಿಸ್ಟರಿನಲ್ಲಿ ಗಂಡ ಹೆಂಡತಿ ಎಂದು ಬರೆಸಬೇಕು. 1891ರ 25ನೆಯ ಕಾಯಿದೆ ಈ ನೋಂದಣಿಯನ್ನು ಕ್ರಮಬದ್ಧ ಮಾಡಿತು. ಬರೆಸಿದವರಿಗೆ ಬರೆಸಿದ್ದೇ ಮದುವೆ; ಬರೆಸದವರಿಗೆ ಬದುಕಿದ್ದೇ ಮದುವೆ.

ಕರಾರು ಮುಗಿದವರು ಅಲ್ಲೇ ನೆಲೆಯೂರಿ ತರಕಾರಿ ಬೆಳೆದು, ಬುಟ್ಟಿ ಹೊತ್ತು ಮಾರಿ, ಮನೆ ಕಟ್ಟತೊಡಗಿದಾಗ ಬಿಳಿಯರಿಗೆ ಕಣ್ಣು ಕೆಂಪಾಯಿತು. 1895ರಲ್ಲಿ ಮೂರು ಪೌಂಡಿನ ವಾರ್ಷಿಕ ತೆರಿಗೆ ಬಂತು: ಮತ್ತೆ ಕರಾರಿಗೆ ಸಹಿ ಹಾಕು, ಇಲ್ಲವೇ ಊರಿಗೆ ಹೋಗು, ಎರಡೂ ಆಗದಿದ್ದರೆ ಕೊಡು. ಗಂಡ ಕೊಟ್ಟರೆ ಸಾಲದು, ಹೆಂಡತಿಯೂ ಬೆಳೆದ ಮಕ್ಕಳೂ ಬೇರೆ ಬೇರೆ ಕೊಡಬೇಕು. ಹೀಗೆ ತೆರಿಗೆ ಎತ್ತುವಾಗ ಹೆಂಡತಿ ಹೆಂಡತಿಯೇ ಆಗಿದ್ದಳು ಎಂಬುದನ್ನು ಓದುಗರು ನೆನಪಿಟ್ಟುಕೊಳ್ಳಬೇಕು. 1897ರಲ್ಲಿ ವಲಸೆ ತಡೆ ಕಾಯಿದೆ. ಯುರೋಪಿನ ಒಂದು ಭಾಷೆಯಲ್ಲಿ ಅರ್ಜಿ ಬರೆಯಲು ಬಾರದವನು ಒಳಬರುವಂತಿಲ್ಲ. ಕಾಯಿದೆಯಲ್ಲಿ ಭಾರತೀಯ ಎಂಬ ಪದವೇ ಇರಲಿಲ್ಲ, ಅಷ್ಟು ಜಾಣತನದಿಂದ ಅದನ್ನು ಬರೆದಿದ್ದರು. ಆಗಲೇ ನೆಲೆಸಿದ್ದವನ ಹೆಂಡತಿ ಮತ್ತು ಸಣ್ಣ ಮಕ್ಕಳಿಗೆ ಮಾತ್ರ ವಿನಾಯಿತಿ. ಒಂದು ಹೆಂಗಸಿನ ಇಡೀ ಹಕ್ಕು ಹೀಗೆ ಹೆಂಡತಿ ಎಂಬ ಒಂದು ಪದದ ಮೇಲೆ ನಿಂತಿತು. ಆ ಪದದ ಅರ್ಥ ಅಲುಗಿದರೆ ಅವಳ ಕಾಲ ಕೆಳಗಿನ ನೆಲವೇ ಇಲ್ಲ.

ಆ ಅಲುಗಾಟದ ಮುನ್ಸೂಚನೆ ಮದರಾಸಿಗೆ 1910ರಲ್ಲಿ ತಲುಪಿತು. ಟ್ರಾನ್ಸ್‌ವಾಲಿನ ಏಷ್ಯದವರ ಕಡ್ಡಾಯ ನೋಂದಣಿಯ ಕರಿ ಕಾಯಿದೆಯನ್ನು ಧಿಕ್ಕರಿಸಿದ ಸತ್ಯಾಗ್ರಹಿಗಳನ್ನು ಅಲ್ಲಿನ ಸರ್ಕಾರ ಹಡಗಿಗೆ ಹತ್ತಿಸಿ ಭಾರತಕ್ಕೆ ಗಡಿಪಾರು ಮಾಡಿತು. ಹಲವರು ಆಫ್ರಿಕದಲ್ಲೇ ಹುಟ್ಟಿದವರು, ಮದರಾಸನ್ನು ಕಂಡೇ ಇರದವರು. ಹೆಂಡತಿ ಮಕ್ಕಳು ಜೊಹಾನ್ಸ್‌ಬರ್ಗಿನಲ್ಲಿ, ಇವರು ಇಲ್ಲಿ. ಅವರನ್ನು ಎದುರುಗೊಂಡು ಅನ್ನ, ಬಟ್ಟೆ, ಆಸರೆ ಕೊಟ್ಟವರು ಜಿ. ಎ. ನಟೇಶನ್. 1900ರಲ್ಲಿ ಇಂಡಿಯನ್ ರಿವ್ಯೂ ಪತ್ರಿಕೆ ಶುರುಮಾಡಿ, ಅಗ್ಗದ ಬೆಲೆಗೆ ದೇಶದ ದೊಡ್ಡವರ ಬರಹಗಳನ್ನು ಅಚ್ಚುಹಾಕುತ್ತಿದ್ದ ಪ್ರಕಾಶಕರು. ದಕ್ಷಿಣ ಆಫ್ರಿಕದ ಭಾರತೀಯರ ಬವಣೆಯ ಮೇಲೆ ಗಾಂಧಿಯವರ ಗೆಳೆಯ ಹೆನ್ರಿ ಪೋಲಕ್ ಬರೆದ ಪುಸ್ತಕವನ್ನು ಹಿಂದಿನ ವರ್ಷ ಪ್ರಕಟಿಸಿದವರೂ ಅವರೇ. ಗಡಿಪಾರಾದವರಲ್ಲಿ ಕೆಲವರು ಪೋಲಕರ ಜೊತೆ ಮತ್ತೆ ಹಡಗು ಹತ್ತಿ ಹಿಂದಿರುಗಿದರು. ಅವರಲ್ಲಿ ಹಲವರನ್ನು ಬಂದರಿನಲ್ಲಿ ಇಳಿಯಗೊಡಲಿಲ್ಲ. ಮೈಮೇಲೆ ಸಾಕಷ್ಟು ಬಟ್ಟೆಯಿಲ್ಲದೆ, ಡೆಕ್ಕಿನ ಮೇಲೆ ಚಳಿಗೆ ನಡುಗುತ್ತ ಸುತ್ತಿದ ನಾರಾಯಣಸ್ವಾಮಿ ಎಂಬ ತರುಣ ಅದೇ ಅಕ್ಟೋಬರ್ 16ರಂದು ಡೆಲಗೋವಾ ಕೊಲ್ಲಿಯಲ್ಲಿ ಪ್ರಾಣ ಬಿಟ್ಟ. ಮದರಾಸಿನಿಂದ ಹೊರಟ ಜೀವಕ್ಕೆ ಇಳಿಯಲು ಒಂದು ಗೇಣು ನೆಲ ಸಿಗಲಿಲ್ಲ.

ಇನ್ನು ಹೆಂಡತಿ ಎಂಬ ಪದವನ್ನು ಅಲುಗಿಸಿದ ತೀರ್ಪಿನ ಮಾತು.

ಹಸನ್ ಈಸೋಪ್ ಎಂಬವರು ಕೇಪ್ ಪ್ರಾಂತದ ಪೋರ್ಟ್ ಎಲಿಜಬೆತ್ತಿನಲ್ಲಿ ನೆಲೆಸಿದ್ದವರು. ಭಾರತಕ್ಕೆ ಬಂದು ಬಾಯಿ ಮರಿಯಂ ಎಂಬವರನ್ನು ನಿಕಾಹ್ ಆಗಿ ಕರೆದೊಯ್ದರು. ಅವರಿಗೆ ಬೇರೆ ಹೆಂಡತಿಯಿರಲಿಲ್ಲ. ವಲಸೆ ಅಧಿಕಾರಿ ಆಕೆಯನ್ನು ಒಳಬಿಡಲಿಲ್ಲ. ಗಂಡ ಕೋರ್ಟಿಗೆ ಹೋದರು. 1913ರ ಮಾರ್ಚ್ 14ರಂದು ಕೇಪಿನ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಮಾಲ್ಕಂ ಸರ್ಲ್ ತೀರ್ಪು ಕೊಟ್ಟರು: ಬಹುಪತ್ನಿತ್ವಕ್ಕೆ ಅವಕಾಶವಿರುವ ಧರ್ಮದ ವಿಧಿಯಂತೆ ಆದ ಮದುವೆ ಈ ನೆಲದ ಕಾನೂನಿನಲ್ಲಿ ಮದುವೆಯಲ್ಲ, ಆದ್ದರಿಂದ ವಲಸೆ ಕಾಯಿದೆ ಹೇಳುವ ಹೆಂಡತಿ ಈಕೆಯಲ್ಲ.

ಈ ತರ್ಕದ ಬೇರು ಹಳೆಯದು. ಕ್ರೈಸ್ತ ಜಗತ್ತು ತಿಳಿದಂತೆ ಒಬ್ಬ ಗಂಡು ಒಂದು ಹೆಣ್ಣಿನ ಜೀವಮಾನದ ಕೂಡುವಿಕೆಯೇ ಮದುವೆ ಎಂದು ಇಂಗ್ಲೆಂಡಿನ ಲಾರ್ಡ್ ಪೆನ್ಜಾನ್ಸ್ 1866ರಲ್ಲೇ ಸಾರಿದ್ದರು. ಕೇಪಿನ ಕೋರ್ಟು ಅದಕ್ಕೂ ಮೊದಲು, ಟ್ರೂರೋ ಹಡಗು ಹೊರಟ 1860ರಲ್ಲೇ, ಮುಸ್ಲಿಂ ವಿವಾಹವನ್ನು ಅಂಗೀಕರಿಸಲು ಒಪ್ಪಿರಲಿಲ್ಲ. ಗಂಡ ಎರಡನೆಯವಳನ್ನು ತಂದಿದ್ದಾನೆಯೇ ಎಂಬುದು ಪ್ರಶ್ನೆಯಲ್ಲ. ತರಲು ಅವನ ಧರ್ಮ ಬಿಡುತ್ತದೆ ಎಂಬಷ್ಟರಿಂದಲೇ ಮೊದಲನೆಯವಳೂ ಹೆಂಡತಿಯಲ್ಲದಾದಳು. ಅಂದಿನ ಹಿಂದೂ ಶಾಸ್ತ್ರವೂ ಗಂಡಸಿಗೆ ಅದನ್ನು ಬಿಟ್ಟಿತ್ತು. ಹಾಗಾಗಿ ಚರ್ಚಿನಲ್ಲಿ ಆಗದ, ಸರ್ಕಾರಿ ಅಧಿಕಾರಿಯ ಮುಂದೆ ಬರೆಸದ ಮದುವೆಗಳೆಲ್ಲ ಒಂದೇ ಏಟಿಗೆ ಅಲುಗಿದವು. ನಲವತ್ತು ವರ್ಷ ಸಂಸಾರ ಮಾಡಿದ ಮುತ್ತೈದೆ ಕಾನೂನಿನ ಕಣ್ಣಿಗೆ ಇಟ್ಟುಕೊಂಡವಳಾದಳು. ಮಕ್ಕಳಿಗೆ ತಂದೆಯ ಆಸ್ತಿ ಸಿಗುವ ಖಾತ್ರಿ ಉಳಿಯಲಿಲ್ಲ. ಮದುವೆಯಲ್ಲಿ ಹೆಣ್ಣಿಗೆ ಸಮಾನ ಸ್ಥಾನ ಬೇಕೆಂಬುದು ನ್ಯಾಯವಾದ ಮಾತು, ಅದರಲ್ಲಿ ನನಗೆ ಎರಡನೇ ಮಾತಿಲ್ಲ. ಆದರೆ ಆ ನ್ಯಾಯದ ಹೆಸರಿನಲ್ಲಿ ಹೊಡೆತ ಬಿದ್ದದ್ದು ಹೆಣ್ಣಿನ ಮೇಲೆಯೇ. ಗಂಡಿನ ನೆಲೆ, ಅಂಗಡಿ, ಪರವಾನಗಿ ಯಾವುದೂ ಅಲುಗಲಿಲ್ಲ.

ಗಾಂಧಿ ಇಂಡಿಯನ್ ಒಪಿನಿಯನ್ ಪತ್ರಿಕೆಯಲ್ಲಿ ಹಿಂದೂ ಮುಸ್ಲಿಮರಿಬ್ಬರನ್ನೂ ಎಚ್ಚರಿಸಿದರು. ಅವರ ಮನೆಯಲ್ಲೂ ಮಾತು ಎದ್ದಿತು. ಪೋರಬಂದರಿನಲ್ಲಿ ಬಾಲ್ಯದಲ್ಲೇ ಅಗ್ನಿಸಾಕ್ಷಿಯಾಗಿ ಮದುವೆಯಾದ ಕಸ್ತೂರಬಾ, ಈ ದೇಶದ ಕಾನೂನಿನಂತೆ ತಾನು ಹೆಂಡತಿಯಲ್ಲ ಎಂದು ತಿಳಿದು, ಹಾಗಾದರೆ ಭಾರತಕ್ಕೆ ಹೋಗೋಣ ಎಂದರಂತೆ. ಹೇಡಿತನವಾಗುತ್ತದೆ ಎಂಬ ಉತ್ತರ ಬಂದಾಗ, ಹಾಗಿದ್ದರೆ ನಾನೂ ಜೈಲಿಗೆ ಬರುತ್ತೇನೆ ಎಂದು ನಿಂತರು. ಅದುವರೆಗೆ ಗಾಂಧಿ ಹೆಂಗಸರನ್ನು ಜೈಲಿಗೆ ಕಳಿಸಲು ಒಪ್ಪಿರಲಿಲ್ಲ.

ಸರ್ಕಾರ ಬಗ್ಗಲಿಲ್ಲ. ಆ ವರ್ಷವೇ ಬಂದ ದಕ್ಷಿಣ ಆಫ್ರಿಕ ಒಕ್ಕೂಟದ ಹೊಸ ವಲಸೆ ಕಾಯಿದೆಯಲ್ಲಿ ಒಂದು ತಿದ್ದುಪಡಿ ಸೇರಿತು: ದೇಶದ ಹೊರಗೆ ಯಾವುದೇ ಧರ್ಮದ ವಿಧಿಯಂತೆ ಆದ ಏಕಪತ್ನಿತ್ವದ ಮದುವೆಯನ್ನು ಒಪ್ಪಬಹುದು. ಮೇಲ್ನೋಟಕ್ಕೆ ಉದಾರ. ಆದರೆ ಏಕಪತ್ನಿತ್ವದ ಮದುವೆ ಎಂದರೆ ಸರ್ಲ್ ಹೇಳಿದ ಅರ್ಥದಲ್ಲೇ ಅಲ್ಲವೇ? ದೇಶದ ಒಳಗೆ ಆದ ಮದುವೆಗಳ ಗತಿಯೇನು? ಒಂದು ಕೈಯಲ್ಲಿ ಕೊಟ್ಟದ್ದನ್ನು ಇನ್ನೊಂದು ಕೈ ಹಿಡಿದುಕೊಂಡಿತ್ತು.

ಸೆಪ್ಟೆಂಬರ್ 15ರಂದು ನಟಾಲಿನ ಗಾಂಧಿಯವರ ಫೀನಿಕ್ಸ್ ಆಶ್ರಮದಿಂದ ಹದಿನಾರು ಮಂದಿ ಹೊರಟು ಟ್ರಾನ್ಸ್‌ವಾಲಿನ ಗಡಿ ದಾಟಿ ಬಂಧನಕ್ಕೊಳಗಾದರು. ಅವರಲ್ಲಿ ಕಸ್ತೂರಬಾ, ಜಯಾಕುಂವರ್, ಕಾಶಿ, ಸಂತೋಕ್ ಎಂಬ ನಾಲ್ವರು ಹೆಂಗಸರು. ಮೂರು ತಿಂಗಳ ಕಠಿಣ ಸಜೆ. ಆದರೆ ಈ ಕಥೆಯ ನಡುಗಂಬ ಅವರಲ್ಲ, ಟ್ರಾನ್ಸ್‌ವಾಲಿನ ಹನ್ನೊಂದು ಹೆಂಗಸರು. ಒಬ್ಬರನ್ನು ಬಿಟ್ಟರೆ ಉಳಿದವರೆಲ್ಲ ತಮಿಳು ನಾಡಿನ ಮೂಲದವರು: ತಂಬಿ ನಾಯ್ಡು ಅವರ ಪತ್ನಿ, ಪೆರುಮಾಳ್ ನಾಯ್ಡು ಅವರ ಪತ್ನಿ, ಮುರುಗೇಶ ಪಿಳ್ಳೆ, ಚಿನ್ನಸ್ವಾಮಿ ಪಿಳ್ಳೆ ಅವರ ಪತ್ನಿಯರು... ಬರವಣಿಗೆಯಲ್ಲಿ ಅವರಲ್ಲಿ ಬಹುಪಾಲು ಮಂದಿ ಇಂಥವರ ಪತ್ನಿ ಎಂದೇ ಉಳಿದಿದ್ದಾರೆ. ಯಾವ ಹೆಸರಿಗಾಗಿ ಅವರು ಹೋರಾಡಿದರೋ ಆ ಹೆಸರಿನಿಂದಲೇ ಚರಿತ್ರೆ ಅವರನ್ನು ಗುರುತಿಸಿದೆ. ಆರು ಮಂದಿಯ ಕಂಕುಳಲ್ಲಿ ಕೂಸುಗಳಿದ್ದವು. ಗಡಿಯಲ್ಲಿ ಪೊಲೀಸರು ಹಿಡಿಯದೆ ಬಿಟ್ಟರು. ಪರವಾನಗಿಯಿಲ್ಲದೆ ಬೀದಿಯಲ್ಲಿ ಮಾರಾಟ ಮಾಡಿದರೂ ಹಿಡಿಯಲಿಲ್ಲ. ಕೊನೆಗೆ ಅವರು ನಟಾಲಿನ ನ್ಯೂಕ್ಯಾಸಲ್ಲಿಗೆ ಹೋಗಿ ಕಲ್ಲಿದ್ದಲ ಗಣಿಯ ಕೂಲಿಗಳ ಲೈನುಗಳಿಗೆ ಕಾಲಿಟ್ಟರು. ತಮ್ಮ ನುಡಿಯಲ್ಲಿ, ತಮ್ಮ ಕಂಕುಳ ಮಕ್ಕಳನ್ನೇ ಮುಂದಿಟ್ಟು, ಮೂರು ಪೌಂಡಿನ ಮಾತನ್ನೂ ಮದುವೆಯ ಮಾತನ್ನೂ ಆಡಿದರು. ಅಕ್ಟೋಬರಿನ ಮಧ್ಯದಲ್ಲಿ ಗಣಿಗಳು ನಿಂತವು. ಆಗ ಸರ್ಕಾರಕ್ಕೆ ಈ ಹೆಂಗಸರು ಕಂಡರು. ಅಕ್ಟೋಬರ್ 21ರಂದು ಬಂಧನ, ಮೂರು ತಿಂಗಳ ಸಜೆ.

ನವೆಂಬರ್ 6ರಂದು ಚಾರ್ಲ್ಸ್‌ಟೌನಿನಿಂದ ಗಡಿಯ ಕಡೆ ನಡೆದ ಮುಷ್ಕರದವರು 2037 ಗಂಡಸರು, 127 ಹೆಂಗಸರು, 57 ಮಕ್ಕಳು. ದಿನಕ್ಕೆ ಬ್ರೆಡ್ಡು, ಒಂದಿಷ್ಟು ಸಕ್ಕರೆ. ದಾರಿಯಲ್ಲಿ ಒಂದು ಕೂಸು ಚಳಿಗೆ ಸತ್ತಿತು, ಇನ್ನೊಂದು ಹಳ್ಳ ದಾಟುವಾಗ ತಾಯಿಯ ತೋಳಿನಿಂದ ಜಾರಿತು. ತಾಯಂದಿರು ನಿಲ್ಲಲಿಲ್ಲ.

ಸುದ್ದಿ ತಂತಿಯಲ್ಲಿ ಮದರಾಸಿಗೆ ಬಂತು. ಅಂದಿನ ಮದರಾಸು ಪ್ರಾಂತ ಎಂದರೆ ನಮ್ಮ ಮಂಗಳೂರು, ಉಡುಪಿ, ಕಾಸರಗೋಡು, ಬಳ್ಳಾರಿ, ಕೊಳ್ಳೇಗಾಲಗಳೂ ಸೇರಿದ್ದವು. ಆ ಸಂಕಟ ಬರಿಯ ತಮಿಳರದ್ದಾಗಿರಲಿಲ್ಲ. ವೈಸರಾಯ್ ಲಾರ್ಡ್ ಹಾರ್ಡಿಂಜ್ ಆಗ ಈ ನಗರದ ಅತಿಥಿ. ಸೆಂಟ್ರಲ್ ಸ್ಟೇಷನ್ನಿನ ಪಕ್ಕ ಬೆಳ್ಳಗೆ ಎದ್ದುನಿಂತ ನಗರಸಭೆಯ ರಿಪ್ಪನ್ ಕಟ್ಟಡ ಅದೇ ನವೆಂಬರಿನಲ್ಲಿ ತೆರೆಯಿತು. ನವೆಂಬರ್ 24ರಂದು ಮಹಾಜನ ಸಭೆಯೂ ಕಾಂಗ್ರೆಸ್ಸಿನವರೂ ಕೊಟ್ಟ ಬಿನ್ನವತ್ತಳೆಗಳಿಗೆ ಉತ್ತರಿಸುತ್ತ ಹಾರ್ಡಿಂಜ್, ತಮ್ಮ ಪದವಿಯವರು ಆಡದ ಮಾತನ್ನು ಆಡಿದರು. ದಕ್ಷಿಣ ಆಫ್ರಿಕದ ಭಾರತೀಯರು ಶಿಕ್ಷೆ ಗೊತ್ತಿದ್ದೇ ಕಾಯಿದೆ ಮುರಿದಿದ್ದಾರೆ, ಆ ಕಾಯಿದೆಗಳು ಅನ್ಯಾಯದವು, ಭಾರತದ ಉರಿಯುವ ಸಹಾನುಭೂತಿ ಅವರ ಕಡೆಗಿದೆ, ತಮ್ಮದೂ ಇದೆ ಎಂದರು. ನಿಷ್ಪಕ್ಷಪಾತ ವಿಚಾರಣೆ ಬೇಕೆಂದರು. ಪ್ರಿಟೋರಿಯಾ ಕೆರಳಿತು, ಲಂಡನ್ನಿನಲ್ಲಿ ಅವರನ್ನು ಹಿಂದಕ್ಕೆ ಕರೆಸುವ ಮಾತು ಎದ್ದಿತು. ಆದರೆ ಡಿಸೆಂಬರಿನಲ್ಲಿ ಸರ್ ವಿಲಿಯಂ ಸಾಲಮನ್ನರ ವಿಚಾರಣಾ ಆಯೋಗ ನೇಮಕವಾಯಿತು. ಗಣಿ, ಕಬ್ಬಿನ ಗದ್ದೆಗಳ ಕೂಲಿಗಳ ಮುಷ್ಕರ ಆಯೋಗವನ್ನು ತಂದಿತೋ, ಮದರಾಸಿನ ಭಾಷಣ ತಂದಿತೋ ಎಂದು ಕೇಳಿದರೆ ನಾನು ಕೂಲಿಗಳ ಕಡೆ ನಿಲ್ಲುತ್ತೇನೆ. ಅವರು ಬೆವರನ್ನು ತಡೆದಿದ್ದರಿಂದಲೇ ವೈಸರಾಯ್ ಬಾಯಿ ತೆರೆದದ್ದು.

ಜೈಲಿನಿಂದ ಹೊರಬಂದವರನ್ನು ನೋಡಿದವರಿಗೆ ಗುರುತು ಹತ್ತಲಿಲ್ಲ. ಡಿಸೆಂಬರ್ 22ರಂದು ಬಿಡುಗಡೆಯಾದ ಕಸ್ತೂರಬಾ ಮೂಳೆ ಚರ್ಮವಾಗಿದ್ದರು. ಜೊಹಾನ್ಸ್‌ಬರ್ಗಿನಲ್ಲಿ ಹುಟ್ಟಿದ ವಳ್ಳಿಯಮ್ಮ ಎಂಬ ಹುಡುಗಿ ತಾಯಿ ಮಂಗಳಮ್ಮನವರ ಜೊತೆ ಸೆರೆ ಹೋಗಿದ್ದಳು. ಆಕೆಯ ಹೆತ್ತವರ ಬೇರು ಮಾಯವರಂ ಬಳಿಯ ತಿಲ್ಲೈಯಾಡಿಯಲ್ಲಿ. 1914ರ ಜನವರಿಯಲ್ಲಿ ಜ್ವರ ಹೊತ್ತು ಹೊರಬಂದಳು. ಗಾಂಧಿ ನೋಡಲು ಹೋದಾಗ ಕಂಬಳಿಯೊಳಗೆ ಸುತ್ತಿದ ಕಡ್ಡಿಯಂಥ ದೇಹ. ಜೈಲಿಗೆ ಹೋದದ್ದಕ್ಕೆ ಪಶ್ಚಾತ್ತಾಪವಿಲ್ಲ, ಈಗಲೂ ಹೋಗುವೆ ಎಂದಳು. ಫೆಬ್ರವರಿ 22ರಂದು, ಹದಿನಾರು ತುಂಬಿದ ದಿನ, ತೀರಿಕೊಂಡಳು. ಅವಳಿಗೆ ಮದುವೆಯಾಗಿರಲಿಲ್ಲ. ತಾಯಿಯ ತಾಳಿಗಾಗಿ, ತನ್ನಂಥವರ ನಾಳೆಗಾಗಿ ಅವಳು ಹೋದದ್ದು.

ಆಯೋಗದ ವರದಿ ಮಾರ್ಚಿನಲ್ಲಿ ಬಂತು. ಒಕ್ಕೂಟದ ಮಂತ್ರಿ ಸ್ಮಟ್ಸ್ ಮತ್ತು ಗಾಂಧಿ ನಡುವಿನ ಪತ್ರಗಳ ಒಪ್ಪಂದ ಜೂನ್ 30ರಂದು ಮುಗಿಯಿತು. 1914ರ ಇಂಡಿಯನ್ ರಿಲೀಫ್ ಕಾಯಿದೆ ಮೂರು ಪೌಂಡಿನ ತೆರಿಗೆಯನ್ನು ತೆಗೆದುಹಾಕಿತು. ಮದುವೆಯ ವಿಷಯದಲ್ಲಿ ಅದು ಹೇಳಿದ್ದು ಇಷ್ಟು: ಭಾರತೀಯ ಧರ್ಮಗಳ ಪುರೋಹಿತರನ್ನು ವಿವಾಹಾಧಿಕಾರಿಗಳಾಗಿ ನೇಮಿಸಬಹುದು, ಒಬ್ಬಳೇ ಹೆಂಡತಿಯೊಡನೆ ಬಾಳುತ್ತಿರುವವರು ಅರ್ಜಿ ಕೊಟ್ಟು ತಮ್ಮ ಮದುವೆಯನ್ನು ಬರೆಸಬಹುದು, ವಲಸೆಗೆ, ಗಂಡನ ಧರ್ಮ ಏನೇ ಬಿಡಲಿ, ಒಬ್ಬ ಹೆಂಡತಿಯನ್ನು ಹೆಂಡತಿ ಎಂದೇ ಎಣಿಸಬೇಕು. ಎರಡನೆಯವಳಾಗಿ ಬಂದವಳ ಬಾಗಿಲು ಮುಚ್ಚಿಯೇ ಇತ್ತು. ಅಂಥ ಹೆಂಗಸರು ಸಂಖ್ಯೆಯಲ್ಲಿ ಕಡಿಮೆ, ಆದರೆ ಅವರ ಬದುಕೂ ಇಡಿಯಾದದ್ದೇ. ಅವರ ಪರವಾಗಿ ಬಲವಾಗಿ ಮಾತನಾಡಿದವರನ್ನು ನಾನು ಹುಡುಕುತ್ತಲೇ ಇದ್ದೇನೆ.

1915ರ ಏಪ್ರಿಲ್ 17ರಂದು ಗಾಂಧಿ ಮತ್ತು ಕಸ್ತೂರಬಾ ಮೂರನೇ ದರ್ಜೆಯ ಡಬ್ಬಿಯಿಂದ ಮದರಾಸಿನ ಸೆಂಟ್ರಲ್ ಸ್ಟೇಷನ್ನಿನಲ್ಲಿ ಇಳಿದರು. ವಿದ್ಯಾರ್ಥಿಗಳು ಗಾಡಿಯ ಕುದುರೆ ಬಿಚ್ಚಿ ತಾವೇ ಎಳೆದರು. ಬಿಡಾರ ಜಾರ್ಜ್ ಟೌನಿನಲ್ಲಿ ನಟೇಶನ್ನರ ಮನೆ. ಏಪ್ರಿಲ್ 21ರಂದು ವಿಕ್ಟೋರಿಯಾ ಪಬ್ಲಿಕ್ ಹಾಲಿನಲ್ಲಿ ಇಂಡಿಯನ್ ಸೌತ್ ಆಫ್ರಿಕನ್ ಲೀಗಿನ ಸನ್ಮಾನ ಸಭೆ. ಅಧ್ಯಕ್ಷತೆ ಸರ್ ಎಸ್. ಸುಬ್ರಹ್ಮಣ್ಯ ಅಯ್ಯರ್ ಅವರದು. ಗಾಂಧಿ ಹೊಗಳಿಕೆಯನ್ನು ತಮ್ಮ ಮೇಲೆ ಹಾಕಿಕೊಳ್ಳಲಿಲ್ಲ. ಸತ್ಯಾಗ್ರಹದಲ್ಲಿ ಪ್ರಾಣ ತೆತ್ತ ನಾಗಪ್ಪನ್, ನಾರಾಯಣಸ್ವಾಮಿ, ವಳ್ಳಿಯಮ್ಮರ ಹೆಸರು ಹೇಳಿ, ಈ ಪ್ರಾಂತದ ಬಡ ಮಕ್ಕಳಿಗೆ ಸಲ್ಲಬೇಕಾದದ್ದು ಎಂದು ತಿರುಗಿಸಿದರು. ಆ ತಿಂಗಳ ಕೊನೆಗೆ ತರಂಗಂಬಾಡಿ, ಮಾಯವರಂ ಕಡೆ ಹೋಗಿ ಸತ್ಯಾಗ್ರಹಿಗಳ ಬಂಧುಗಳನ್ನು ಕಂಡರು. ಮೇ 8ರಂದು ಬೆಂಗಳೂರಿಗೆ ಬಂದು, ಡಿ. ವಿ. ಗುಂಡಪ್ಪನವರು ಮುಂದೆ ನಿಂತು ಏರ್ಪಡಿಸಿದ್ದ ಸಭೆಯಲ್ಲಿ ಗೋಖಲೆಯವರ ಭಾವಚಿತ್ರವನ್ನು ಅನಾವರಣ ಮಾಡಿದರು.

ಕಾಗದದ ಕಥೆ ಅಲ್ಲಿಗೆ ತೀರಲಿಲ್ಲ. 1927ರ ಕೇಪ್‌ಟೌನ್ ಒಪ್ಪಂದದಲ್ಲಿ, ಒಳಬರುವ ಪ್ರತಿ ಹೆಂಡತಿ ಮಗುವೂ ನಿಜವಾದ ಹೆಂಡತಿ, ನಿಜವಾದ ಮಗು ಎಂದು ಭಾರತ ಸರ್ಕಾರವೇ ದೃಢೀಕರಿಸಬೇಕೆಂದಾಯಿತು. ಹಂದರದ ಸಾಕ್ಷಿಗಳ ಮಾತು ಸರ್ಕಾರದ ಮೊಹರಾಗಿ ಸಮುದ್ರ ದಾಟಬೇಕಾಯಿತು. ಆ ಒಪ್ಪಂದವನ್ನು ಕಾಯಲು ಮೊದಲ ಏಜೆಂಟರಾಗಿ ಹೋದವರು ಮದರಾಸಿನ ವಿ. ಎಸ್. ಶ್ರೀನಿವಾಸ ಶಾಸ್ತ್ರಿಗಳು. 1953ರಲ್ಲಿ ವರ್ಣಭೇದದ ಸರ್ಕಾರ ಭಾರತದಿಂದ ಹೆಂಡತಿಯರು ಬರುವುದನ್ನೇ ನಿಲ್ಲಿಸುವ ಕಾಯಿದೆ ತಂದಿತು. ಮುಸ್ಲಿಂ ಮದುವೆಗಳನ್ನು ಕಾನೂನು ಹೊರಗಿಟ್ಟದ್ದು ಸಂವಿಧಾನಕ್ಕೆ ವಿರುದ್ಧ ಎಂದು ಅಲ್ಲಿನ ಸಂವಿಧಾನ ನ್ಯಾಯಾಲಯ ಹೇಳಿದ್ದು 2022ರ ಜೂನಿನಲ್ಲಿ, ಸರ್ಲ್ ತೀರ್ಪಿಗೆ 109 ವರ್ಷ ಕಳೆದ ಮೇಲೆ. ನಮ್ಮ ದಡದಲ್ಲೂ ಪ್ರಶ್ನೆ ಜೀವಂತವಾಗಿದೆ: 1983ರ ನಂತರ ಶ್ರೀಲಂಕೆಯಿಂದ ದೋಣಿಯಲ್ಲಿ ಬಂದು ತಮಿಳುನಾಡಿನ ಶಿಬಿರ ಸೇರಿದವರು ಇಲ್ಲಿಯವರನ್ನೇ ಮದುವೆಯಾದರೂ, ಅಕ್ರಮ ವಲಸಿಗ ಎಂಬ ಹಣೆಪಟ್ಟಿ ಇರುವ ತನಕ ಪೌರತ್ವದ ನೋಂದಣಿಗೆ ಕಾಯಿದೆ ಬಿಡುವುದಿಲ್ಲ.

ಚೆನ್ನೈಯ ಎಗ್ಮೋರಿನಲ್ಲಿ ಕೋ-ಆಪ್ಟೆಕ್ಸ್ ಕೈಮಗ್ಗದ ದೊಡ್ಡ ಮಳಿಗೆಯಿದೆ. ಕಟ್ಟಡದ ಹೆಸರು ತಿಲ್ಲೈಯಾಡಿ ವಳ್ಳಿಯಮ್ಮೈ ಮಾಳಿಗೈ. ಮದುವೆಯ ತಿಂಗಳುಗಳಲ್ಲಿ ಅಲ್ಲಿ ಕಾಂಚೀಪುರಂ ಸೀರೆ ಆರಿಸುವ ಮನೆಯವರ ಗುಂಪು ನೆರೆದಿರುತ್ತದೆ. ಹೋದ ಸಲ ನಾನು ಹೋದಾಗ ಕನ್ನಡ ಮಾತಾಡುವ ಒಂದು ಕುಟುಂಬವಿತ್ತು. ಅಜ್ಜಿ ಧಾರೆಯ ಸೀರೆಗೆ ಅರಿಸಿನ ಬಣ್ಣವೇ ಆಗಬೇಕೆಂದು ಹಟ ಹಿಡಿದಿದ್ದರು. ಮದುಮಗಳು ಸೆರಗನ್ನು ಬೆಳಕಿಗೆ ಹಿಡಿದು ಜರಿಯನ್ನು ನೋಡುತ್ತಿದ್ದಳು. ಬಿಲ್ಲಿನ ಮೇಲೆ ಹುಡುಗಿಯ ಹೆಸರು ಬರೆಸಬೇಕೇ ಎಂದು ಅಂಗಡಿಯವರು ಕೇಳಿದರು. ಬರೆಯಿರಿ ಎಂದರು ಅಜ್ಜಿ.